ಕಿಲಿಮಂಜಾರೊ ಹತ್ತುವ ಮುನ್ನ ನೋಡಬೇಕಾದ ಪಟ್ಟಿ: ಕೆಪ್ಯಾಪ್ ವಿಮರ್ಶೆ

ಟಾಂಜಾನಿಯಾದ ಮೋಶಿಯಲ್ಲಿರುವ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ (ಕೆಪ್ಯಾಪ್) ಚಾರಣ ಏರ್ಪಡಿಸುವುದಿಲ್ಲ. ಚಾರಣಿಗರ ಸಾಮಾನು ಹೊರುವ ಕೂಲಿಗಳನ್ನು ನ್ಯಾಯವಾಗಿ ನಡೆಸಿಕೊಳ್ಳುವ ಕಂಪನಿಗಳ ಪಟ್ಟಿ ಕೊಡುತ್ತದೆ, ಕೂಲಿಗಳಿಗೆ ಬೆಚ್ಚನೆಯ ಬಟ್ಟೆ ಮತ್ತು ಬೂಟುಗಳನ್ನು ಉಚಿತವಾಗಿ ಎರವಲು ಕೊಡುತ್ತದೆ. ಬುಕಿಂಗ್‌ಗೆ ಮುಂಚೆ ಈ ಪಟ್ಟಿ ನೋಡುವುದೇ ಸರಿ.

ಇದರ ಬಲ ಇರುವುದು ಅಳೆದು ನೋಡಬಹುದಾದ ನಿಯಮಗಳಲ್ಲಿ. ಕೂಲಿಯ ಸ್ವಂತ ಸಾಮಾನು ಬಿಟ್ಟು ಹೊರೆ 20 ಕೆಜಿ ಮೀರಬಾರದು, ದಿನಕ್ಕೆ ಮೂರು ಊಟ, ಮಲಗಲು ಸರಿಯಾದ ಟೆಂಟ್. ಚಾರಣ ಶುರುವಾಗುವ ಗೇಟಿನಲ್ಲಿ ತೂಕ ಸರಿಯಿದ್ದರೂ ಮೇಲೆ ಯಾರಾದರೂ ಕಾಯಿಲೆಬಿದ್ದು ಇಳಿದರೆ ಅವರ ಹೊರೆ ಉಳಿದವರ ತಲೆಗೇ ಬೀಳುತ್ತದೆ. ಆದ್ದರಿಂದ ಶಿಬಿರಗಳಲ್ಲೂ ತೂಗಿಸುತ್ತಾರೆಯೇ ಎಂದು ಕಂಪನಿಯನ್ನು ಕೇಳಿ.

ಎಡವಟ್ಟಾಗುವುದು ಹೆಚ್ಚಾಗಿ ಟಿಪ್ಸ್‌ನಲ್ಲಿ. ಇಡೀ ಮೊತ್ತವನ್ನು ಮುಖ್ಯ ಗೈಡ್ ಕೈಗಿಟ್ಟರೆ ಕೊನೆಯವನಿಗೆ ಎಷ್ಟು ತಲುಪಿತೆಂದು ನಿಮಗೆ ತಿಳಿಯದು. ಎಲ್ಲರ ಎದುರು ಒಬ್ಬೊಬ್ಬರ ಪಾಲನ್ನು ಗಟ್ಟಿಯಾಗಿ ಹೇಳಿ, ಅವರವರ ಕೈಗೇ ಕೊಡಿ. ಚಿಲ್ಲರೆ ನೋಟು ಮೊದಲೇ ಹೊಂದಿಸಿಕೊಳ್ಳಿ.

ಒಂದು ಮಿತಿ: ಕೆಪ್ಯಾಪ್ ಪಟ್ಟಿ ಸರ್ಕಾರಿ ಪರವಾನಗಿಯಲ್ಲ, ಕಂಪನಿಗಳು ಸ್ವಇಚ್ಛೆಯಿಂದ ಸೇರುವ ವ್ಯವಸ್ಥೆ. ಬೆಂಗಳೂರಿನ ಏಜೆಂಟರ ಮೂಲಕ ಹೋಗುವುದಾದರೆ, ಬೆಟ್ಟದಲ್ಲಿ ನಿಜವಾಗಿ ಕರೆದೊಯ್ಯುವ ಸ್ಥಳೀಯ ಕಂಪನಿಯ ಹೆಸರನ್ನು ಬರಹದಲ್ಲಿ ಪಡೆದು, ಅದನ್ನೇ ಪಟ್ಟಿಯಲ್ಲಿ ಹುಡುಕಿ. ದರ ವಿಪರೀತ ಅಗ್ಗವಿದ್ದರೆ ಕಡಿತವಾಗಿರುವುದು ಸಾಮಾನ್ಯವಾಗಿ ಕೂಲಿಯ ಸಂಬಳವೇ.