ಎರಡನೇ ಗೇರಿನ ಕರಕರ ಸದ್ದು: ಜೆ.ಸಿ. ರಸ್ತೆ ಹಿಂದಿನ ಒಂದು ಗ್ಯಾರೇಜ್

ನನ್ನ 2012ರ ಪೆಟ್ರೋಲ್ ಸ್ವಿಫ್ಟ್ ಕಾರಿನಲ್ಲಿ ಮೂರರಿಂದ ಎರಡನೇ ಗೇರಿಗೆ ಇಳಿಸುವಾಗಲೆಲ್ಲ ಕರಕರ ಸದ್ದು ಬರತೊಡಗಿದಾಗ, ಬೇರೊಂದು ಕಡೆ ಕ್ಲಚ್ ಸೆಟ್ಟನ್ನೇ ಬದಲಿಸಬೇಕು ಎಂದಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಗೇರ್‌ಬಾಕ್ಸ್ ಕೆಲಸವನ್ನಷ್ಟೇ ಮಾಡುವ ಈ ಗ್ಯಾರೇಜಿನ ಮೇಸ್ತ್ರಿ ಕಾರನ್ನು ಒಂದು ಸುತ್ತು ಓಡಿಸಿದರು. ಕ್ಲಚ್ ಪೂರ್ತಿ ಬಿಡದಿದ್ದರೆ ರಿವರ್ಸ್ ಕೂಡ ತಕರಾರು ಮಾಡಬೇಕಿತ್ತು, ಎರಡನೆಯದೊಂದೇ ಕಿರುಚುತ್ತಿರುವುದರಿಂದ ಅದರ ಸಿಂಕ್ರೋ ರಿಂಗ್, ಅಂದರೆ ಗೇರ್ ಬೀಳುವ ಮುನ್ನ ವೇಗವನ್ನು ಸಮಗೊಳಿಸುವ ಹಿತ್ತಾಳೆಯ ಬಳೆ, ಸವೆದಿದೆ ಎಂದರು. ಗೇರ್‌ಬಾಕ್ಸ್ ಬಿಚ್ಚಿದಾಗ ಕಂಡದ್ದೂ ಅದೇ.

ಹಳೆಯ ಬಿಲ್ ತೆಗೆದು ನೋಡಿದರೆ, ಹಿಂದೆ ಸರ್ವೀಸ್ ಮಾಡಿದವರು ಜಿಎಲ್-4 ದರ್ಜೆಯ ಗೇರ್ ಎಣ್ಣೆ ಹಾಕಬೇಕಾದಲ್ಲಿ ಜಿಎಲ್-5 ದರ್ಜೆಯದನ್ನು ಹಾಕಿದ್ದರು. ಹೆಚ್ಚು ಬೆಲೆಯದು ಒಳ್ಳೆಯದೇ ಇರಬೇಕೆಂದು ಆಗ ತಲೆಯಾಡಿಸಿದ್ದವನು ನಾನೇ. ಜಿಎಲ್-5 ಮುಖ್ಯವಾಗಿ ಡಿಫರೆನ್ಷಿಯಲ್ಲಿನ (ಎರಡು ಬದಿಯ ಚಕ್ರಗಳಿಗೆ ಶಕ್ತಿ ಹಂಚುವ ಭಾಗದ) ಹೈಪಾಯ್ಡ್ ಗೇರುಗಳಿಗಾಗಿ, ಅಂದರೆ ಹಲ್ಲುಗಳು ಒತ್ತಡದಲ್ಲಿ ಜಾರುತ್ತ ಉಜ್ಜುವ ಗೇರುಗಳಿಗಾಗಿ, ತಯಾರಾದ ಎಣ್ಣೆ. ಅದರಲ್ಲಿ ಹೆಚ್ಚಾಗಿರುವ ಗಂಧಕ ಮತ್ತು ರಂಜಕದ ಅಂಶ ಹಿತ್ತಾಳೆಯ ರಿಂಗನ್ನು ತಿನ್ನಬಲ್ಲದು, ಜೊತೆಗೆ ಗೇರಿನ ವೇಗವನ್ನು ಹಿಡಿದು ಸಮಗೊಳಿಸಲು ರಿಂಗಿಗೆ ಬೇಕಾದ ಘರ್ಷಣೆಯನ್ನೂ ಕಡಿಮೆ ಮಾಡಬಲ್ಲದು.

ಖರ್ಚು ಉಳಿಸಲೆಂದು ನಾನು ಶಿವಾಜಿನಗರದ ಗುಜರಿಯಲ್ಲಿ ಡೀಸೆಲ್ ಸ್ವಿಫ್ಟಿನ ಗೇರ್‌ಬಾಕ್ಸೊಂದನ್ನು ನೋಡಿಟ್ಟಿದ್ದೆ. ಮೇಸ್ತ್ರಿ ಅದನ್ನು ಸಾರಾಸಗಟಾಗಿ ತಳ್ಳಿಹಾಕಿದರು. ಹೆಸರು ಒಂದೇ ಆದರೂ ನನ್ನದು 1197 ಸಿಸಿಯ ಕೆ-ಸೀರೀಸ್ ಎಂಜಿನ್, ಅದು ಫಿಯೆಟ್ ಮೂಲದ 1248 ಸಿಸಿ ಎಂಜಿನ್ನಿನದು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಜೋಡಿಸುವ ಕವಚವಾದ ಬೆಲ್ ಹೌಸಿಂಗಿನ ಬೋಲ್ಟ್ ತೂತುಗಳೇ ಕೂಡುವುದಿಲ್ಲ, ಗೇರ್ ಅನುಪಾತವೂ ಬೇರೆ. ಇಡೀ ಗೇರ್‌ಬಾಕ್ಸ್ ಮಾರಿ ಹೆಚ್ಚು ಲಾಭ ಮಾಡಿಕೊಳ್ಳಬಹುದಿದ್ದವರು ರಿಂಗ್, ಬೇರಿಂಗುಗಳಷ್ಟನ್ನೇ ಬದಲಿಸಿದ್ದು ನನಗೆ ಮೆಚ್ಚುಗೆಯಾಯಿತು.

ಆದರೆ ಮೂರು ದಿನವೆಂದವರು ಏಳು ದಿನ ತೆಗೆದುಕೊಂಡರು, ಅಂದಾಜು ವೆಚ್ಚವನ್ನು ಬರೆದುಕೊಡಲಿಲ್ಲ. ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿದ್ದಾಗ ಚಕ್ರಗಳಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಬಳಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲುಗಳನ್ನೂ ಬದಲಿಸುವುದು ಸಾಮಾನ್ಯ ಜಾಣತನ. ಅದನ್ನು ಬಿಟ್ಟಿದ್ದರಿಂದ ಎರಡೇ ವಾರದಲ್ಲಿ ಎಡಬದಿಯಿಂದ ಎಣ್ಣೆ ಜಿನುಗಿತು. ಕೂಲಿ ತೆಗೆದುಕೊಳ್ಳದೆ ಸರಿಪಡಿಸಿದರೆಂಬುದು ನಿಜ, ಆದರೆ ಇನ್ನೊಂದು ದಿನ ನನ್ನ ಕೆಲಸ ಕೆಟ್ಟಿತು. ಈಗ ಎರಡನೇ ಗೇರ್ ಸಲೀಸಾಗಿ ಬೀಳುತ್ತದೆ, ಚಳಿಯ ಬೆಳಿಗ್ಗೆ ಮೊದಲ ಕೆಲವು ನಿಮಿಷ ಮಾತ್ರ ತುಸು ಬಿಗಿ. ಕಾರನ್ನು ವಾರಗಟ್ಟಲೆ ಬಿಟ್ಟಿರಬಲ್ಲವರು ಇಲ್ಲಿಗೆ ಹೋಗಬಹುದು. ಸೀಲುಗಳ ಬದಲಾವಣೆಯನ್ನು ಮೊದಲೇ ಬರೆಸಿಕೊಳ್ಳಿ.