ನೆಲ ಡೊಂಕೋ, ಕೋಲು ಡೊಂಕೋ: ಬಾರ್ ಪೂಲ್‌ಗೆ ನಾಲ್ಕು ಕ್ಯೂ

ಬಾರಿನ ಗೋಡೆಯ ಮೇಲೆ ಏಳು ಕ್ಯೂ ಇದ್ದವು, ಅಂದರೆ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು. ಮೊದಲನೆಯದಕ್ಕೆ ಟಿಪ್ಪೇ ಇಲ್ಲ, ಚೆಂಡಿಗೆ ತಾಗುವ ತುದಿಯ ಚರ್ಮದ ಬಿಲ್ಲೆ. ಎರಡನೆಯದರ ಟಿಪ್ ಅಣಬೆಯ ಹಾಗೆ ಅರಳಿಕೊಂಡಿತ್ತು. ಮೂರನೆಯದನ್ನು ಟೇಬಲ್ ಮೇಲೆ ಉರುಳಿಸಿದರೆ ತುದಿ ಎದ್ದೆದ್ದು ಕುಣಿಯಿತು. ನಾಲ್ಕನೆಯದು ನೋಡಲು ಸರಿಯಿತ್ತು, ಮುಟ್ಟಿದರೆ ಅಂಟು ಅಂಟು. ಹಿಂದಿನ ರಾತ್ರಿ ಯಾರೋ ಚೆಲ್ಲಿದ ಬಿಯರ್. ಉಳಿದ ಮೂರರಲ್ಲಿ ಒಂದನ್ನು ಎತ್ತಿಕೊಂಡು ಆಡಿದೆ, ಸೋತೆ, ಕೋಲು ಸರಿಯಿಲ್ಲ ಅಂದೆ. ಮೈಸೂರಿನ ಸ್ನೂಕರ್ ಪಾರ್ಲರಿನಲ್ಲಿ ಅಂಕ ಬರೆಯುತ್ತಿದ್ದ ಮಾರ್ಕರ್ ಪಕ್ಕದಲ್ಲಿದ್ದಿದ್ದರೆ ಏನನ್ನುತ್ತಿದ್ದ ಅಂತ ನನಗೆ ಚೆನ್ನಾಗಿ ಗೊತ್ತು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಈಗಿರುವ ಊರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ. ಕೆಲಸದ ಮೇಲೆ ಬಂದು ಆರನೇ ವರ್ಷ. ಮನೆಯಿಂದ ನಡೆದೇ ಹೋಗಬಹುದಾದ ಒಂದು ಬಾರಿದೆ, ಹಿಂಭಾಗದಲ್ಲಿ ಎರಡು ಪೂಲ್ ಟೇಬಲ್. ಸ್ನೂಕರಿನ 12 ಅಡಿ ಟೇಬಲ್ ನೋಡಿ ಬೆಳೆದ ಕಣ್ಣಿಗೆ ಇಲ್ಲಿನ 7 ಅಡಿಯದು ಆಟಿಕೆ ಅನ್ನಿಸಿತ್ತು. ಕ್ವಾರ್ಟರ್ (25 ಸೆಂಟಿನ) ನಾಣ್ಯ ತುಂಬಿ ಒತ್ತಿದರೆ ಹೊಟ್ಟೆಯಿಂದ ಚೆಂಡುಗಳು ದಡದಡ ಉದುರುತ್ತವೆ. ಆಡುವ ಪಾಳಿ ಬೇಕೆಂದರೆ ಟೇಬಲಿನ ಅಂಚಿನ ಮೇಲೆ ನಾಣ್ಯ ಇಟ್ಟು ಕಾಯಬೇಕು. ನಮ್ಮ ಪಾರ್ಲರಿನಲ್ಲಿ ಸೋತವನು ಟೇಬಲ್ ದುಡ್ಡು ಕೊಡುತ್ತಿದ್ದ. ಇಲ್ಲಿ ಗೆದ್ದವನು ಟೇಬಲ್ ಬಿಡುವುದಿಲ್ಲ, ಅವನ ಮೇಲೆ ಆಡಲು ಬಂದವನು ದುಡ್ಡು ಹಾಕಬೇಕು. ಚೆನ್ನಾಗಿ ಆಡುವವನಿಗೆ ಸಂಜೆಯೆಲ್ಲ ಪುಕ್ಕಟೆ. ನಮ್ಮದೇ ಒಂದು ಕೋಲು ಇದ್ದರೆ ಹೇಗೆ ಅನ್ನುವ ಯೋಚನೆ ಬರುವುದು ಇಂಥ ಲೆಕ್ಕದಿಂದಲೇ ಅಲ್ವಾ?

ಐದು ವರ್ಷದಲ್ಲಿ ನಾಲ್ಕು ಬಗೆಯ ಕ್ಯೂ ಹಿಡಿದು ಅದೇ ಎರಡು ಟೇಬಲಿನಲ್ಲಿ ಆಡಿದ್ದೇನೆ. ಗೋಡೆಯದು, ಊರಿಂದ ತಂದ ಸ್ನೂಕರ್ ಕ್ಯೂ, ಗೋಡೆಯದರ ವೇಷ ಹಾಕಿದ ಎರಡು ತುಂಡಿನದು, ಕೊನೆಗೆ ಕಾರ್ಬನ್ ಫೈಬರಿನದು.

ಗೋಡೆಯ ಕ್ಯೂ ಬಗ್ಗೆ ಮೊದಲು ಬೈದದ್ದನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ. ಅದು ಸಾಮಾನ್ಯವಾಗಿ ಮೇಪಲ್ ಮರದ ಒಂದೇ ತುಂಡು, ಉದ್ದ 57 ಇಂಚು, ಟಿಪ್ 13 ಮಿಲಿಮೀಟರ್. ಹಿಂಭಾಗದಲ್ಲಿ 18ರಿಂದ 21ರವರೆಗೆ ಒಂದು ಅಂಕಿ ಒತ್ತಿರುತ್ತಾರೆ, ಅದು ಔನ್ಸಿನ ತೂಕ. ನಾನು ಪ್ರತಿ ಸಲ ಕೋಲು ಉರುಳಿಸಿ ಡೊಂಕು ಹುಡುಕುತ್ತಿದ್ದೆ. ಅಲ್ಲಿಗೆ ದಿನಾ ಬರುವ ಎಪ್ಪತ್ತು ದಾಟಿದ ಒಬ್ಬ ಅಜ್ಜ ಉರುಳಿಸುವುದೇ ಇಲ್ಲ. ಒಂದೊಂದೇ ಕ್ಯೂ ತೆಗೆದು ಟಿಪ್ಪನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯುತ್ತಾರೆ. ಹೊಳೆಯುತ್ತಿದ್ದರೆ ವಾಪಸ್ ಗೋಡೆಗೆ. ಸ್ವಲ್ಪ ಒರಟಾಗಿ, ದುಂಡಗೆ ಇದ್ದರೆ ಇಟ್ಟುಕೊಳ್ಳುತ್ತಾರೆ, ಕೋಲು ಬಾಳೆಕಾಯಿಯ ಹಾಗೆ ಬಾಗಿದ್ದರೂ ಸರಿ. ಅದರಲ್ಲೇ ನನ್ನನ್ನು ಸಾಲಾಗಿ ನಾಲ್ಕು ಆಟ ಸೋಲಿಸಿದರು.

ಆಮೇಲೆ ನಾನೂ ಹಾಗೇ ಮಾಡಿ ನೋಡಿದೆ. ನಿಜ. ತುಸು ಬಾಗಿದ ಕೋಲಿಗೆ ಹತ್ತು ನಿಮಿಷದಲ್ಲಿ ಕೈ ಒಗ್ಗಿಬಿಡುತ್ತದೆ, ಬಾಗು ಯಾವ ಕಡೆ ಇದೆ ಅಂತ ನೋಡಿ ಪ್ರತಿ ಸಲ ಹಾಗೇ ಹಿಡಿದರೆ ಸಾಕು. ಆದರೆ ಟಿಪ್ ಗಾಜಿನಂತಾಗಿದ್ದರೆ ಎಷ್ಟು ಚಾಕ್ ತಿಕ್ಕಿದರೂ ನಿಲ್ಲುವುದಿಲ್ಲ, ಚೆಂಡಿನ ನಡು ಬಿಟ್ಟು ಎಲ್ಲಿ ಹೊಡೆದರೂ ಜಾರುತ್ತದೆ. ಈಗ ಜೇಬಿನಲ್ಲಿ ಒಂದು ಒಳ್ಳೆಯ ಚಾಕ್, ಬೆರಳಗಲದ ಸ್ಯಾಂಡ್‌ಪೇಪರ್ ಚೂರು ಇಟ್ಟುಕೊಳ್ಳುತ್ತೇನೆ. ಟಿಪ್ಪಿಗೆ ನಾಲ್ಕು ಸಲ ಮೆಲ್ಲಗೆ ಉಜ್ಜಿದರೆ ಗೋಡೆಯ ಕ್ಯೂ ಅರ್ಧ ಸರಿಹೋಗುತ್ತದೆ. ಬಾರಿನವರನ್ನು ಕೇಳಿಯೇ ಉಜ್ಜಿ. ಇಲ್ಲಿನವರು ನಕ್ಕು, ಏನು ಬೇಕಾದರೂ ಮಾಡ್ಕೋ ಅಂದರು.

ಆದರೂ ಒಂದು ಕೊರಗು ಉಳಿಯುತ್ತದೆ. ಇವತ್ತು ಸಿಕ್ಕ ಕೋಲು ನಾಳೆ ಸಿಗುವುದಿಲ್ಲ. ಹೊಡೆತ ತಪ್ಪಿದರೆ ತಪ್ಪು ಕೈಯದೋ ಕೋಲಿನದೋ ಅಂತ ಗೊತ್ತಾಗುವುದೇ ಇಲ್ಲ. ಸುಮ್ನೆ ಕಾಲ ಕಳೆಯುವವರಿಗೆ ಇದೇನೂ ತೊಂದರೆಯಲ್ಲ. ಕಲಿಯಬೇಕು ಅನ್ನುವವರಿಗೆ ಇದೇ ದೊಡ್ಡ ತೊಂದರೆ.

ಹಾಗಾಗಿ ಎರಡನೇ ವರ್ಷ ಊರಿಗೆ ಹೋದಾಗ ನನ್ನ ಹಳೆಯ ಸ್ನೂಕರ್ ಕ್ಯೂ ತಂದೆ. ಆಶ್ ಮರದ್ದು, ಟಿಪ್ಪಿನ ಕೆಳಗೆ ಹಿತ್ತಾಳೆಯ ಬಳೆ (ಫೆರುಲ್), ಒಂಬತ್ತೂವರೆ ಮಿಲಿಮೀಟರ್ ಟಿಪ್. ತರುವುದೇ ಒಂದು ಪುರಾಣ. ವಿಮಾನದೊಳಗೆ ಕೈಯಲ್ಲಿ ಒಯ್ಯಲು ಬಿಡುವುದಿಲ್ಲ, ಚೆಕ್‌ಇನ್ ಮಾಡಬೇಕು. ಎರಡು ತುಂಡಿನ ಪೂಲ್ ಕ್ಯೂ ಸರಿಯಾಗಿ ನಡುವೆ ಬಿಚ್ಚಿಕೊಳ್ಳುತ್ತದೆ, ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಮಲಗಿಸಬಹುದು. ನನ್ನದು ಮುಕ್ಕಾಲು ಉದ್ದದಲ್ಲಿ ಬಿಚ್ಚಿಕೊಳ್ಳುವ ಜಾಯಿಂಟಿನದು, ಮುಂದಿನ ತುಂಡೇ ಮೂರೂವರೆ ಅಡಿ. ಪ್ಲಂಬಿಂಗ್ ಅಂಗಡಿಯಲ್ಲಿ ಪಿವಿಸಿ ಪೈಪ್ ಕೊಯ್ಯಿಸಿ, ಒಳಗೆ ಅಮ್ಮನ ಹಳೆಯ ಸೀರೆ ತುರುಕಿ, ಎರಡೂ ಕಡೆ ಮುಚ್ಚಳ ಹಾಕಿದೆ. ಏರ್‌ಪೋರ್ಟಿನಲ್ಲಿ ಬಿಚ್ಚಿ ತೋರಿಸಿದಾಗ ಮೊದಲು ಆಚೆ ಬಂದದ್ದು ಸೀರೆ.

ಅದು ಬಾರಿನಲ್ಲಿ ಹೇಗೆ ಆಡಿತು? ಗುರಿಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ತುದಿ ತೆಳು, ಹಗುರ. ಸೈಡ್ ಹಾಕಿ ಹೊಡೆದಾಗ, ಅಂದರೆ ಕೋಲು ತಾಗಿಸುವ ಬಿಳಿ ಚೆಂಡನ್ನು ನಡು ಬಿಟ್ಟು ಎಡಕ್ಕೋ ಬಲಕ್ಕೋ ಹೊಡೆದು ಬುಗುರಿಯಂತೆ ತಿರುಗಿಸಿದಾಗ, ಅದು ದಾರಿ ಬಿಟ್ಟು ಪಕ್ಕಕ್ಕೆ ಸರಿಯುವುದು ತುಂಬಾ ಕಡಿಮೆ. (ಸೈಡಿಗೆ ಅಮೆರಿಕದವರು 'ಇಂಗ್ಲಿಷ್' ಅನ್ನುತ್ತಾರೆ. ನಿನಗೆ ಇಂಗ್ಲಿಷ್ ಜಾಸ್ತಿಯಾಯಿತು ಅಂತ ಒಬ್ಬ ಹೇಳಿದಾಗ ನನ್ನ ಉಚ್ಚಾರಣೆ ಬಗ್ಗೆ ಅಂದುಕೊಂಡು ಬೇಜಾರಾಗಿತ್ತು.)

ಆದರೆ ಅದು ಬೇರೆ ಚೆಂಡಿಗೆ ಮಾಡಿದ ಕೋಲು. ಸ್ನೂಕರ್ ಚೆಂಡು 52.5 ಮಿಲಿಮೀಟರ್, ಪೂಲ್ ಚೆಂಡು 57ರ ಮೇಲೆ, ತೂಕವೂ ಹೆಚ್ಚು. ಬಾರ್ ಟೇಬಲಿನಲ್ಲಿ ಇನ್ನೊಂದು ಗುಟ್ಟಿದೆ. ಪಾಕೆಟ್ಟಿಗೆ ಬಿದ್ದ ಬಣ್ಣದ ಚೆಂಡು ಒಳಗೇ ಉಳಿಯಬೇಕು, ಬಿಳಿ ಚೆಂಡು ಮಾತ್ರ ಆಚೆ ಬರಬೇಕು. ಅದಕ್ಕೆ ಬಿಳಿ ಚೆಂಡಿನ ಹೊಟ್ಟೆಗೆ ಅಯಸ್ಕಾಂತ ಹಿಡಿಯುವಂಥದ್ದು ಹಾಕಿರುತ್ತಾರೆ. ಇಲ್ಲವೇ ಚೆಂಡನ್ನೇ ತುಸು ದೊಡ್ಡದು ಮಾಡಿರುತ್ತಾರೆ. ನಮ್ಮ ಬಾರಿನ ಹಳೆಯ ಟೇಬಲಿನದು ದೊಡ್ಡ ಚೆಂಡು. ಬೇರೆ ಚೆಂಡಿಗೆ ತಾಗಿಸಿ ಅದನ್ನು ಹಿಂದಕ್ಕೆ ಎಳೆಯುವುದೆಂದರೆ ಎಮ್ಮೆಯನ್ನು ಕೆರೆಯಿಂದ ಎಬ್ಬಿಸಿದ ಹಾಗೆ. ನಿಲ್ಲಬೇಕಾದ ಚೆಂಡು ಒಂದು ಗೇಣು ಮುಂದೆ ಹೋಗಿ ನಿಲ್ಲುತ್ತದೆ. ನನ್ನ ತೆಳು ಕೋಲು ಅದಕ್ಕೆ ತಲೆ ಕೊಟ್ಟು ಸುಸ್ತಾಯಿತು. ಆಟದ ಶುರುವಿಗೆ ಗುಂಪಾಗಿಟ್ಟ ಚೆಂಡುಗಳನ್ನು ಚದುರಿಸುವ ಬ್ರೇಕ್ ಹೊಡೆದರೆ ಮೆತ್ತನೆಯ ಟಿಪ್ ಚಪ್ಪಟೆ. ಎರಡು ತಿಂಗಳಿಗೆ ಎರಡು ಟಿಪ್ ಬದಲಿಸಿದ ಮೇಲೆ ಉಪಾಯ ಹೊಳೆಯಿತು: ಬ್ರೇಕಿಗೆ ಗೋಡೆಯದು, ಆಟಕ್ಕೆ ನನ್ನದು. ಇದು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಯಾವ ಕ್ಯೂ ತಂದರೂ ಬ್ರೇಕಿಗೆ ಗೋಡೆಯಿಂದ ಗಟ್ಟಿ ಟಿಪ್ಪಿನದೊಂದನ್ನು ಎತ್ತಿಕೊಳ್ಳಿ.

ಇಲ್ಲಿ ಅದರ ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ ಕೋಲು ಬಾಗಿತ್ತು. ಮನೆಯ ಹೀಟರಿನ ಒಣ ಗಾಳಿಯಿಂದಲೋ, ಜನವರಿಯಲ್ಲಿ ಎರಡು ರಾತ್ರಿ ಕಾರಿನ ಡಿಕ್ಕಿಯಲ್ಲಿ ಮರೆತದ್ದರಿಂದಲೋ. ತಪ್ಪು ನನ್ನದೇ. ಈಗ ಅದು ಹಾಲ್‌ನಲ್ಲಿ ಗೋಡೆಗೆ ನೇತಾಡುತ್ತಿದೆ. ನೋಡಿದಾಗಲೆಲ್ಲ ಪಾರ್ಲರಿನ ಫ್ಯಾನ್ ಸದ್ದು ಕೇಳುತ್ತದೆ.

ಮೂರನೆಯದನ್ನು ಇಲ್ಲಿ 'ಸ್ನೀಕಿ ಪೀಟ್' ಅನ್ನುತ್ತಾರೆ. ಗೋಡೆಯ ಕ್ಯೂ ತರಹವೇ ಬಣ್ಣ, ಅದೇ ಚೂಪು ವಿನ್ಯಾಸ, ಹಿಡಿಗೆ ದಾರ ಸುತ್ತಿರುವುದಿಲ್ಲ. ಹತ್ತಿರ ಹೋದರೆ ಮಾತ್ರ ನಡುವೆ ಕೂದಲೆಳೆಯಷ್ಟು ಜಾಯಿಂಟ್ ಗೆರೆ ಕಾಣುತ್ತದೆ. ದುಡ್ಡು ಕಟ್ಟಿ ಆಡುತ್ತಿದ್ದ ಪಾಕಡಾಗಳು ಅಮಾಯಕರಂತೆ ಬಾರಿಗೆ ಬಂದು, ಗೋಡೆಯ ಕೋಲು ಅನ್ನಿಸುವಂಥದ್ದರಲ್ಲಿ ಆಡಿ ಜೇಬು ಖಾಲಿ ಮಾಡಿಸುತ್ತಿದ್ದ ಕಾಲದ ಹೆಸರು ಅದು. ನಾನು 130 ಡಾಲರ್ ಕೊಟ್ಟು ತಗೊಂಡೆ, 19 ಔನ್ಸ್. ಅದಕ್ಕೂ ಮುಂಚೆ 40 ಡಾಲರಿಗೆ ಬೆಂಕಿಯ ಚಿತ್ರ ಇರುವ ಒಂದನ್ನು ತಂದಿದ್ದೆ. ಮೂರು ವಾರಕ್ಕೆ ಜಾಯಿಂಟ್ ಗಡಗಡ ಅನ್ನಲು ಶುರುವಾಯಿತು. ಅದರ ಕಥೆ ಬೇಡ.

ಸ್ನೀಕಿ ಪೀಟ್‌ನಲ್ಲಿ ಮಾಯಮಂತ್ರ ಏನೂ ಇಲ್ಲ. ಹೊಡೆತ ಗಟ್ಟಿ, ಸಾದಾ. ಸೈಡ್ ಹಾಕಿದರೆ ಬಿಳಿ ಚೆಂಡು ತುಸು ಸರಿಯುತ್ತದೆ, ಆದರೆ ಪ್ರತಿ ಸಲವೂ ಅಷ್ಟೇ ಸರಿಯುತ್ತದೆ. ಒಂದು ತಿಂಗಳಿಗೆ ಕೈ ತಾನೇ ಲೆಕ್ಕ ಹಾಕಿಕೊಂಡಿತು. ಆಗ ಹೊಳೆಯಿತು, ನನಗೆ ಬೇಕಾಗಿದ್ದದ್ದು ಶ್ರೇಷ್ಠ ಕೋಲಲ್ಲ, ನಿನ್ನೆಯದೇ ಕೋಲು. ಟಿಪ್ ಯಾರೂ ಕೆಡಿಸಿರುವುದಿಲ್ಲ, ತೂಕ ಬದಲಾಗುವುದಿಲ್ಲ. ತಪ್ಪಿದರೆ ತಪ್ಪು ನನ್ನದು. ಗೆಲ್ಲುವುದು ಒಂದೇ ರಾತ್ರಿಗೆ ಹೆಚ್ಚಲಿಲ್ಲ. ಮೊದಲ ದಿನ ಹೆಮ್ಮೆಯಿಂದ ಚೀಲ ಬಿಚ್ಚಿ, ಕ್ಯೂ ಜೋಡಿಸಿ, ಗೋಡೆಯ ಡೊಂಕು ಕೋಲು ಹಿಡಿದಿದ್ದ ಒಬ್ಬ ನರ್ಸಮ್ಮನ ಹತ್ತಿರ ಸೋತೆ. ಆಸ್ಪತ್ರೆಯ ಪಾಳಿ ಮುಗಿಸಿ ಬಂದಿದ್ದರು, ಶೂ ಕೂಡ ಬಿಚ್ಚಿರಲಿಲ್ಲ. ಐದು ಆರು ತಿಂಗಳ ಮೇಲೆ ಮಾತ್ರ ಫರಕು ಕಾಣಿಸಿತು.

ಚೀಲ ಬಿಚ್ಚುವ ಆ ಕ್ಷಣದ ಬಗ್ಗೆ ಒಂದು ಮಾತು. ಬಾರಿನಲ್ಲಿ ಜಿಪ್ ಸದ್ದು ಕೇಳಿದರೆ ನಾಲ್ಕು ತಲೆ ತಿರುಗುತ್ತವೆ. ಇವನು ಏನೋ ದೊಡ್ಡ ಆಟಗಾರ ಅಂತ ಕೆಲವರು ನಾಣ್ಯ ಎತ್ತಿಕೊಂಡು ಹೋಗುತ್ತಾರೆ. ಇನ್ನು ಕೆಲವರು ಇಪ್ಪತ್ತು ಡಾಲರಿಗೆ ಆಡೋಣವಾ ಅನ್ನುತ್ತಾರೆ, ಅದು ಇನ್ನೂ ಕಷ್ಟ. ವಾರದ ನಡುವೆ ಲೀಗ್ ರಾತ್ರಿ ಈ ಮುಜುಗರ ಇಲ್ಲ. ಎಪಿಎ (ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್) ಅನ್ನುವ ಹವ್ಯಾಸಿ ಲೀಗ್ 1979ರಿಂದ ಇದೆ, ಅದರ ಆಟ ಹೆಚ್ಚಾಗಿ ಇಂಥ ಬಾರುಗಳಲ್ಲೇ. ಆವತ್ತು ಪ್ರತಿಯೊಬ್ಬರ ಹೆಗಲ ಮೇಲೂ ಒಂದು ಚೀಲ. ಶುಕ್ರವಾರ ಮಾತ್ರ ಬೇರೆ. ಇಲ್ಲಿ ಶುಕ್ರವಾರ ಸಂಜೆ ಮೀನು ಹುರಿದು ಬಡಿಸುವ ಪದ್ಧತಿ ಇದೆ, ಮಕ್ಕಳು ಮರಿ ಸಮೇತ ಊರೇ ಬಂದಿರುತ್ತದೆ. ಎಣ್ಣೆ ಕೈ, ತುಂಬಿದ ಲೋಟ, ಟೇಬಲ್ ಸುತ್ತ ಓಡುವ ಹುಡುಗರು. ಆ ದಿನ ನಾನು ಖಾಲಿ ಕೈಯಲ್ಲಿ ಹೋಗಿ ಗೋಡೆಯದನ್ನೇ ಹಿಡಿಯುತ್ತೇನೆ.

ನಾಲ್ಕನೆಯದು ನನ್ನದಲ್ಲ. ಲೀಗಿನ ಗೆಳೆಯ ಮೂರು ವಾರ ಭಾರತಕ್ಕೆ ಹೋದಾಗ ಕೊಟ್ಟು ಹೋದ ಕಾರ್ಬನ್ ಶಾಫ್ಟಿನ ಕ್ಯೂ. ಶಾಫ್ಟ್ ಅಂದರೆ ಟಿಪ್ ಇರುವ ಮುಂದಿನ ತುಂಡು. ಕಪ್ಪಗೆ, ನುಣ್ಣಗೆ, ಹಾವಿನ ಮೈ ಹಾಗೆ ಬೆರಳ ನಡುವೆ ಜಾರುತ್ತದೆ. ಇಂಥವಕ್ಕೆ ಶಾಫ್ಟ್ ಒಂದಕ್ಕೇ ಐನೂರು ಡಾಲರ್ ಆಚೀಚೆ. ಮರದ ಹಾಗೆ ಬಾಗುವ ಭಯವಿಲ್ಲ, ಬಿಯರ್ ಚೆಲ್ಲಿದರೆ ಒರೆಸಿದರಾಯಿತು. ಬಾರಿಗೆ ಹೇಳಿ ಮಾಡಿಸಿದ್ದು ಅನ್ನಿಸಬೇಕು ತಾನೇ? ತುದಿಯ ತೂಕ ಕಡಿಮೆ ಮಾಡಿರುವುದರಿಂದ ಸೈಡ್ ಹಾಕಿದರೂ ಚೆಂಡು ಹೆಚ್ಚುಕಡಿಮೆ ನೋಡಿದ ಕಡೆಗೇ ಹೋಗುತ್ತದೆ. ನನ್ನ ಆಶ್ ಕೋಲು ತೆಳುವಾಗಿದ್ದುಕೊಂಡು ಮಾಡುತ್ತಿದ್ದ ಕೆಲಸವನ್ನೇ ಇದು ದಪ್ಪ ಟಿಪ್ ಇಟ್ಟುಕೊಂಡು ಮಾಡುತ್ತದೆ. ಮೊದಲ ವಾರ ಸುಲಭದ ಚೆಂಡುಗಳೆಲ್ಲ ತಪ್ಪಿದವು. ಕೋಲು ನೆಟ್ಟಗೆ ಹೊಡೆಯುತ್ತಿತ್ತು, ನಾನು ಹಳೆಯ ಲೆಕ್ಕದಲ್ಲಿ ಓರೆ ನೋಡುತ್ತಿದ್ದೆ. ಎರಡನೇ ವಾರ ಸರಿಹೋಯಿತು.

ಆದರೂ 7 ಅಡಿ ಟೇಬಲಿಗೆ ಅಷ್ಟು ದುಡ್ಡು ಯಾಕೆ? ಚೆಂಡು ದೂರ ಹೋದಷ್ಟೂ ಸರಿತ ಹೆಚ್ಚು ಕಾಣುತ್ತದೆ. ದೊಡ್ಡ ಟೇಬಲಿನಲ್ಲಿ ಆಡುವವರಿಗೆ ಕಾರ್ಬನ್ನಿನ ಬೆಲೆ ಗೊತ್ತಾಗುತ್ತದೆ. ಇಲ್ಲಿ ಮೂರು ನಾಲ್ಕು ಅಡಿಯ ಹೊಡೆತಗಳೇ ಜಾಸ್ತಿ. ಇನ್ನೊಂದು, ಆ ಮೂರು ವಾರ ನಾನು ಆಟ ನೋಡಿದ್ದಕ್ಕಿಂತ ಕೋಲು ಕಾದದ್ದೇ ಹೆಚ್ಚು. ಬಾತ್‌ರೂಮಿಗೆ ಹೋಗಬೇಕೆಂದರೆ ಬಾರ್‌ಟೆಂಡರ್ ಕೈಗೆ ಕೊಟ್ಟು ಹೋಗುತ್ತಿದ್ದೆ. ಮದುವೆ ಮನೆಯಲ್ಲಿ ಬೇರೆಯವರ ಒಡವೆ ಹಾಕಿಕೊಂಡ ಹಾಗೆ.

ಸ್ನೀಕಿ ಪೀಟ್‌ಗೆ ಆ ಕಾವಲು ಬೇಡ, ಯಾರೂ ಕದಿಯುವುದಿಲ್ಲ. ಕದಿಯುವುದಿಲ್ಲ, ಎತ್ತಿಕೊಂಡು ಹೋಗುತ್ತಾರೆ! ಒಮ್ಮೆ ಟೇಬಲಿಗೆ ಒರಗಿಸಿಟ್ಟು ಬಿಯರ್ ತರಲು ಹೋಗಿದ್ದೆ. ಬಂದು ನೋಡಿದರೆ ಪಕ್ಕದ ಟೇಬಲಿನಲ್ಲಿ ಒಬ್ಬ ದಾಂಡಿಗ ಅದರಲ್ಲೇ ಬ್ರೇಕ್ ಹೊಡೆಯುತ್ತಿದ್ದ. ಇನ್ನೊಮ್ಮೆ ಬಾಗಿಲು ಮುಚ್ಚುವ ಹೊತ್ತಿಗೆ ಒಪ್ಪ ಮಾಡುತ್ತಿದ್ದ ಹುಡುಗ ಎಲ್ಲದರ ಜೊತೆ ಅದನ್ನೂ ಗೋಡೆಗೆ ನೇತುಹಾಕಿದ್ದ. ಏಳು ಇದ್ದದ್ದು ಎಂಟಾಗಿತ್ತು. ಜಾಯಿಂಟ್ ಗೆರೆ ಹುಡುಕುತ್ತಾ ಒಂದೊಂದನ್ನೂ ಬೆಳಕಿಗೆ ಹಿಡಿದೆ. ಅವತ್ತು ರಾತ್ರಿ ಮನೆಗೆ ಬಂದು, ಹೆಂಡತಿಯ ನೇಲ್ ಪಾಲಿಶ್ ತಗೊಂಡು ತಳದ ರಬ್ಬರಿಗೆ ಒಂದು ಕೆಂಪು ಚುಕ್ಕೆ ಇಟ್ಟೆ.

ಮೊನ್ನೆ ಲೀಗ್ ಮುಗಿದ ಮೇಲೆ ಮಾತಾಡುತ್ತಾ ನಿಂತಿದ್ದಾಗ, ಹೊಸಬನೊಬ್ಬ ಒರಗಿಸಿಟ್ಟ ಕೋಲುಗಳಲ್ಲಿ ಒಂದನ್ನು ಎತ್ತಿದ. ಉರುಳಿಸಿ ನೋಡಿದ, ಟಿಪ್ ಕೆರೆದ, ಗೆಳೆಯನ ಕಡೆ ತಿರುಗಿ ಈ ಬಾರಿನಲ್ಲೂ ಒಂದು ಒಳ್ಳೆಯದಿದೆ ಕಣೋ ಅನ್ನುವ ಧಾಟಿಯಲ್ಲಿ ಏನೋ ಹೇಳಿದ. ನಾನು ಹೋಗಿ ಕೋಲು ತಲೆಕೆಳಗು ಮಾಡಿ ಚುಕ್ಕೆ ತೋರಿಸಿದೆ.