ಎರಡೂ ಎಡಗಾಲಿನ ಚಪ್ಪಲಿ: ಹಡಗಿನ ಹಳೇ ದೀಪ ಕೊಳ್ಳುವ ಮುಂಚೆ ಇದನ್ನ ಓದಿ

ಗೃಹಪ್ರವೇಶದ ರಾತ್ರಿ ಗೇಟಿನ ಹಸಿರು ದೀಪದಿಂದ ನೇಲ್ ಪಾಲಿಶ್ ವಾಸನೆ ಬರೋಕೆ ಶುರುವಾಯಿತು. ಹತ್ತಿರ ಹೋಗಿ ನೋಡಿದರೆ ಗಾಜಿನ ಒಳಗಡೆ ಹಸಿರು ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಮುಚ್ಚಳ ತೆಗೆದು ಉಗುರಿನಿಂದ ಕೆರೆದೆ. ಬಣ್ಣವೆಲ್ಲ ಉಗುರಿಗೆ ಬಂತು. ಕೆಳಗೆ ಬರೀ ಬಿಳಿ ಗಾಜು. ಜೋಡಿಗೆ 22,000 ರೂಪಾಯಿ ಕೊಟ್ಟು ತಂದಿದ್ದ ‘ಹಡಗಿನ ದೀಪ’ ಅದು.

ಕೋಲಾರದಲ್ಲಿ ಹಡಗಿನ ದೀಪ ಯಾಕಪ್ಪಾ ಅಂತ ಕೇಳ್ತೀರಿ. ಸಮುದ್ರ ಇರಲಿ, ನಮ್ಮ ಕಡೆ ಹೊಳೆಯಲ್ಲಿ ನೀರು ಹರಿಯೋದೇ ಅಪರೂಪ. ಆದರೆ ಮಾರಿದವನ ಕತೆ ಹಾಗಿತ್ತು. ಕೆಜಿಎಫ್‌ಗೆ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತಲ್ಲ, ಆಮೇಲೆ ಬಂದ ದೊರೆಗಳೆಲ್ಲ ಹಡಗಿನಲ್ಲೇ ಬಂದವರು ತಾನೆ, ಅಂಥ ಒಬ್ಬ ದೊರೆಯ ಬಂಗಲೆಯಲ್ಲಿ ಇದ್ದ ದೀಪ ಸಾರ್ ಇವು ಅಂದ. ನಮ್ಮ ತಾತ ಅಲ್ಲೇ ಗಣಿಯಲ್ಲಿ ಇಳಿದವರು. 2001ರಲ್ಲಿ ಗಣಿ ಮುಚ್ಚಿದಾಗ ಮನೆಯಲ್ಲಿ ಸಾವಾದ ಹಾಗಿತ್ತು. ಕೆಜಿಎಫ್ ಅಂದ ತಕ್ಷಣ ನಾನು ಅರ್ಧ ಕರಗಿದ್ದೆ. ಮಾರುವವನಿಗೆ ಅದು ಗೊತ್ತಾಯಿತು.

ನಾಚಿಕೆಯ ವಿಷಯ ಅಂದರೆ ನಾನು ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವವನು. ಬಾಕ್ಸಿನ ಮೇಲಿನ ಹಣ್ಣು ನೋಡಿ ಯಾವತ್ತೂ ರೇಟು ಹೇಳಿದವನಲ್ಲ, ಕೈ ಹಾಕಿ ತಳದ ಹಣ್ಣು ತೆಗೆದು ನೋಡುತ್ತೇನೆ. ಈ ದೀಪವನ್ನ ಒಂದು ಸಲ ತಿರುಗಿಸಿಯೂ ನೋಡಲಿಲ್ಲ.

ತಿರುಗಿಸಿ ನೋಡಿದವನು ನಮ್ಮ ಅತ್ತೆ ಮಗ. ಮರ್ಚೆಂಟ್ ನೇವಿಯಲ್ಲಿ ಸೆಕೆಂಡ್ ಆಫೀಸರ್, ರಜೆಗೆ ಬಂದಿದ್ದ. ಎರಡೂ ದೀಪ ಇಳಿಸಿ ಪಕ್ಕಪಕ್ಕ ಇಟ್ಟು ನಗೋಕೆ ಶುರು ಮಾಡಿದ. “ಏನ್ ಭಾವ, ಎರಡೂ ಎಡಗಾಲಿನ ಚಪ್ಪಲಿ ತಂದಿದ್ದೀರಲ್ಲ!”

ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್ ಅಂತಾರೆ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ದೀಪದ ಮೈಕಟ್ಟಿನ ವಿಷಯ. ಅವನು ರಂಗೋಲಿ ಪುಡಿ ತೆಗೆದುಕೊಂಡು ಸಿಮೆಂಟಿನ ಮೇಲೆ ಹಡಗು ಬರೆದು ತೋರಿಸಿದ. ಪಕ್ಕದ ದೀಪದ ಬೆಳಕು ನೇರ ಮುಂದಿನಿಂದ ಶುರುವಾಗಿ, ತನ್ನ ಪಕ್ಕವನ್ನ ದಾಟಿ ಸ್ವಲ್ಪ ಹಿಂದಕ್ಕೆ, 112.5 ಡಿಗ್ರಿಗೆ ನಿಂತುಬಿಡಬೇಕು. ಕೆಂಪು ಬಲಕ್ಕೆ ಹೋಗಬಾರದು, ಹಸಿರು ಎಡಕ್ಕೆ ಬರಬಾರದು. ಹಾಗಾಗಿ ಸರಿಯಾದ ಜೋಡಿ ಕನ್ನಡಿಯಲ್ಲಿ ನೋಡಿದ ಹಾಗೆ ಇರುತ್ತೆ, ಒಂದು ಎಡಕ್ಕೆ ತೆರೆದಿದ್ದರೆ ಇನ್ನೊಂದು ಬಲಕ್ಕೆ. ನನ್ನವು ಎರಡೂ ಒಂದೇ ಅಚ್ಚು. ಗಾಜು ಒಂದೇ ಕಡೆಗೆ, ಸಿಕ್ಕಿಸುವ ಕೊಂಡಿಯೂ ಒಂದೇ ಕಡೆಗೆ. ಬಣ್ಣ ಬಳಿದರೆ ಬದಲಾಗುತ್ತೆ, ಮೈ ಬದಲಾಗಲ್ಲ.

ಯಾಕೆ ಇಷ್ಟು ಕಟ್ಟುನಿಟ್ಟು? ಕತ್ತಲಲ್ಲಿ ಎದುರಿನ ಹಡಗು ಯಾವ ಕಡೆ ಹೊರಟಿದೆ ಅಂತ ಬಣ್ಣ ನೋಡಿಯೇ ಹೇಳಬೇಕು. ಕೆಂಪು ಮಾತ್ರ ಕಂಡರೆ ಅದರ ಎಡಮಗ್ಗುಲು ಕಾಣುತ್ತಿದೆ. ಕೆಂಪು ಹಸಿರು ಎರಡೂ ಕಂಡರೆ ನಿಮ್ಮ ಮೇಲೇ ಬರ್ತಾ ಇದೆ. ಈಗ ನಡೆಯುವ ನಿಯಮ 1972ರದ್ದು, ಜಾರಿಗೆ ಬಂದದ್ದು 1977ರಲ್ಲಿ. ಬಣ್ಣದ ಪದ್ಧತಿ ಅದಕ್ಕಿಂತ ತುಂಬಾ ಹಳೆಯದು.

ಅದರ ಜೊತೆ ಇನ್ನೊಂದು ಅವಮಾನ. ರಸ್ತೆಯಲ್ಲಿ ನಿಂತು ನೋಡುವವರಿಗೆ ನಮ್ಮ ಮನೆ ‘ಎದುರು ಬರುವ ಹಡಗು’. ಅಂದರೆ ಕೆಂಪು ಅವರ ಬಲಕ್ಕಿರಬೇಕು. ನಾನು ಗಾರೆ ಕೆಲಸದವರ ಜೊತೆ ಜಗಳ ಮಾಡಿ ಎಡಕ್ಕೆ ಹಾಕಿಸಿದ್ದೆ.

ಆಮೇಲೆ ಒಂದೊಂದೇ ಹೊರಗೆ ಬಂತು. ಹಿತ್ತಾಳೆ ಫಲಕದಲ್ಲಿ 1898 ಅಂತ ಕೆತ್ತಿದ್ದರು, ಫಲಕ ಕೂರಿಸಿದ್ದು ಪ್ಲಸ್ ತಲೆಯ ಸ್ಕ್ರೂನಲ್ಲಿ. ಆ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ‘ಅಪ್ಪಟ ತಾಮ್ರ’ ಅಂದಿದ್ದ, ಫ್ರಿಜ್ ಮೇಲಿನ ಅಯಸ್ಕಾಂತ ಕಚ್ಚಿಕೊಂಡಿತು. (ಅಯಸ್ಕಾಂತ ಹಿಡಿದ ಮಾತ್ರಕ್ಕೆ ನಕಲಿ ಅಲ್ಲ, ಜಿಂಕ್ ಲೇಪದ ಕಬ್ಬಿಣದ ಅಸಲಿ ದೀಪಗಳೂ ಇವೆ. ಆದರೆ ತಾಮ್ರದ ರೇಟು ಕೊಡಬೇಡಿ.) ಒಳಗೆ ಸೀಮೆಎಣ್ಣೆ ಬುಡ್ಡಿ ಕೂರುವ ಜಾಗವೇ ಇಲ್ಲ, ಹೊಗೆ ಹೋಗುವ ಮೇಲಿನ ಕಿಂಡಿಯಲ್ಲಿ ಒಂದು ಚೂರು ಮಸಿ ಇಲ್ಲ. ನೂರು ವರ್ಷ ಉರಿದ ದೀಪ ಅಂತೆ!

ಬಂಗಾರಪೇಟೆ ಕಡೆ ರೈಲ್ವೆ ಕೈದೀಪವನ್ನೂ ಹಡಗಿನದ್ದು ಅಂತ ತೋರಿಸಿದ್ದರು. ಅದನ್ನ ಗುರುತು ಹಿಡಿಯೋದು ಸುಲಭ. ತಿರುಗಿಸಿದರೆ ಕೆಂಪು, ಹಸಿರು, ಬಿಳಿ ಬದಲಾಗುತ್ತೆ. ಹಡಗಿನ ಪಕ್ಕದ ದೀಪಕ್ಕೆ ಒಂದೇ ಬಣ್ಣ. ಹಾಗಂತ ಬಿಳಿ ಗಾಜಿನದ್ದೆಲ್ಲ ಸುಳ್ಳಲ್ಲ. ಕಂಬದ ಮೇಲಿನ ಬಿಳಿ ದೀಪ 225 ಡಿಗ್ರಿ ಅಗಲ ಬೆಳಗುತ್ತೆ, ಹಿಂದಿನ ಬಿಳಿ ದೀಪ 135. ಇನ್ನೊಂದು ಹಡಗನ್ನ ಎಳೆದುಕೊಂಡು ಹೋಗುವ ಹಡಗಿನ ಹಿಂದೆ ಅಷ್ಟೇ ಅಗಲದ ಹಳದಿ ದೀಪವೂ ಇರುತ್ತೆ.

ವಾಪಸ್ ಕೊಡೋಕೆ ಹೋದೆ. ಮಾರಿದವನು ಬಿಲ್ ತೋರಿಸಿದ: ‘ಅಲಂಕಾರದ ದೀಪ – 2’. “ಹಳೇದು ಅಂತ ಎಲ್ಲಿ ಬರೆದಿದ್ದೀನಿ ಸಾರ್?” ಬಾಯಿ ಮುಚ್ಚಿಕೊಂಡು ಬಂದೆ. ನೀವು ಕೊಳ್ಳುವಾಗ ಯಾವ ದೀಪ, ಯಾವ ಲೋಹ, ಹಳೆಯದೋ ಹೊಸದೋ ಅಂತ ಬಿಲ್‌ನಲ್ಲಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಹಣ ಹೋದದ್ದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಈ ಜೋಡಿ ಕೊಳ್ಳುವ ಹದಿನೈದು ದಿನ ಮುಂಚೆ ರಾಬರ್ಟ್‌ಸನ್‌ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ್ದ ಒಂಟಿ ದೀಪ ನೋಡಿದ್ದೆ. ಎತ್ತೋಕೆ ಎರಡು ಕೈ ಬೇಕಿತ್ತು. ಕಿಲುಬು ಹಿಡಿದ ಮೈ, ಕಿಂಡಿ ತುಂಬ ಮಸಿ, ಗೆರೆಗೆರೆಯ ದಪ್ಪ ಗಾಜು. 4,500ಕ್ಕೆ ಕೊಡ್ತೀನಿ ಅಂದಿದ್ದ. ಗಾಜು ಹಸಿರಿರಲಿಲ್ಲ, ನೀಲಿಗೆ ತಿರುಗಿದ ಹಾಗಿತ್ತು. ಹಡಗಿಗೆ ನೀಲಿ ದೀಪ ಎಲ್ಲಿರುತ್ತೆ, ಯಾರೋ ಗಾಜು ಬದಲಾಯಿಸಿದ್ದಾರೆ ಅಂತ ಜಾಣನ ಹಾಗೆ ಬಿಟ್ಟು ಬಂದೆ.

ಇದನ್ನ ಹೇಳಿದಾಗ ಅತ್ತೆ ಮಗ ನಗು ನಿಲ್ಲಿಸಿದ. “ಅಯ್ಯೋ ಭಾವ, ಅದೇ ಅಲ್ವಾ ಅಸಲಿ!” ಸೀಮೆಎಣ್ಣೆ ಉರಿ ಹಳದಿ. ಬರೀ ಹಸಿರು ಗಾಜು ಇಟ್ಟರೆ ದೂರಕ್ಕೆ ಹಳದಿ ಹಳದಿಯಾಗಿ, ಬಿಳಿ ದೀಪದ ಹಾಗೇ ಕಾಣುತ್ತೆ. ಅದಕ್ಕೇ ಹಳೇ ಕಾಲದವರು ನೀಲಿ ಬೆರೆತ ಗಾಜು ಹಾಕುತ್ತಿದ್ದರು. ಆ ಗಾಜಿನ ಹಿಂದೆ ಬುಡ್ಡಿ ಹಚ್ಚಿದರೆ ಬೆಳಕು ಅಚ್ಚ ಹಸಿರಾಗಿ ಬರುತ್ತೆ. ಮೊಬೈಲ್ ಟಾರ್ಚ್ ಹಿಡಿದರೆ ಮಾತ್ರ ನೀಲಿ. ನಾನು ಹಿಡಿದು ನೋಡಿದ್ದು ಮೊಬೈಲ್ ಟಾರ್ಚನ್ನೇ.

ಮಾರನೇ ದಿನ ಬೆಳಗ್ಗೆ ಮಂಡಿ ಕೆಲಸ ಬಿಟ್ಟು ಬೈಕ್ ಹತ್ತಿ ಹೋದೆ. ಗುಜರಿಯವರು ಟೀ ಕುಡಿಯುತ್ತಾ ಕೂತಿದ್ದರು. ಮೊಳೆ ಅಲ್ಲೇ ಇತ್ತು. ಅದಕ್ಕೆ ಯಾರದೋ ಸೈಕಲ್ ಟ್ಯೂಬ್ ನೇತಾಡುತ್ತಿತ್ತು.